ಸರ್ ಬಿಡು ಎಂದ ಸ್ಲೈಡ್

ಕಳೆದ ವರ್ಷ ದೀಪಾವಳಿ ರಜೆ ಮುಗಿದ ವಾರ. ನಾನು ನಾಸಿಕ್‌ನ ಒಂದು ಫಿಸಿಯೊಥೆರಪಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಮಾತ್ರ ಛತ್ರಪತಿ ಸಂಭಾಜಿನಗರದಲ್ಲಿ. ಅಲ್ಲಿ ಅಂದು ನನ್ನ ಕೊನೆಯ ಸೆಮಿನಾರ್. ಸಮಿತಿ ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು, ಇಲ್ಲದಿದ್ದರೆ ಮತ್ತೆ ಅಲೆದಾಟ. ನಸುಕಿನ ಬಸ್ಸು ಹಿಡಿದು ಹೊರಟೆ.

ನನ್ನ ಗೈಡ್ ಕಲಬುರಗಿ ಕಡೆಯವರು, ನಮ್ಮದು ಭಾಲ್ಕಿ. ಪರಊರಿನಲ್ಲಿ ಕನ್ನಡದವರು ಸಿಕ್ಕರೆ ಬಂಧುಗಳೇ ಸಿಕ್ಕ ಹಾಗೆ. ಮೊದಲ ದಿನವೇ ಅವರು ನನ್ನನ್ನು ತಂಗಿ ಎಂದರು, ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆ ಬಡಿಸಿದರು. ನಾಲ್ಕು ಜನರ ನಡುವೆ ಗುಟ್ಟು ಮಾತಾಡಬೇಕಾದರೆ ನಮಗೆ ಕನ್ನಡವಿತ್ತು. ಹಾಗೆ ಎಷ್ಟು ಸಲ ನಕ್ಕಿದ್ದೇವೋ ಲೆಕ್ಕವಿಲ್ಲ.

ಮಂಡಿನೋವಿಗೆ ವ್ಯಾಯಾಮ ಎಷ್ಟು ಉಪಯೋಗ ಎಂಬುದು ನನ್ನ ವಿಷಯ. ಬೇರೆಬೇರೆಯವರು ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದೇ ಉತ್ತರ ತೆಗೆಯುವ ಮೆಟಾ ಅನಾಲಿಸಿಸ್. ಪ್ರತಿ ಅಧ್ಯಯನದಲ್ಲೂ ಎರಡು ಗುಂಪು. ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಎಂದಿನ ಔಷಧಿಯಷ್ಟೇ. ಎರಡೂ ಗುಂಪಿನ ನೋವನ್ನು ಮೊದಲೊಮ್ಮೆ, ಆಮೇಲೊಮ್ಮೆ ಅಳೆದಿರುತ್ತಾರೆ. ತಮಾಷೆ ಎಂದರೆ, ವ್ಯಾಯಾಮ ಮಾಡದವರ ನೋವೂ ಅಷ್ಟಿಷ್ಟು ಇಳಿದಿರುತ್ತದೆ. ಜನ ಆಸ್ಪತ್ರೆಗೆ ಬರುವುದೇ ನೋವು ಜೋರಾದಾಗ. ಕೆಲವು ವಾರಗಳಲ್ಲಿ ಅದು ತಾನಾಗಿಯೂ ತಗ್ಗುತ್ತದೆ. ಆದ್ದರಿಂದ ವ್ಯಾಯಾಮದವರ ಇಳಿಕೆಯಿಂದ ಇವರ ಇಳಿಕೆಯನ್ನು ಕಳೆಯಬೇಕು. ಉಳಿದದ್ದನ್ನು, ಶುರುವಿನಲ್ಲಿ ರೋಗಿಯಿಂದ ರೋಗಿಗೆ ನೋವು ಎಷ್ಟು ಏರುಪೇರಾಗಿತ್ತೋ ಆ ಅಳತೆಯಿಂದ ಭಾಗಿಸಬೇಕು. ಅದೇ ಎಫೆಕ್ಟ್ ಸೈಜ್, ಅಂದರೆ ಪರಿಣಾಮದ ಗಾತ್ರ.

ಸರ್ ಕಲಿಸಿದ್ದು ಬೇರೆ. ವ್ಯಾಯಾಮದ ಗುಂಪನ್ನಷ್ಟೇ ನೋಡಿದರೆ ಸಾಕು ಎನ್ನುತ್ತಿದ್ದರು. ಹಾಗೆ ಮಾಡಿದರೆ ಸಂಖ್ಯೆ ಭರ್ಜರಿಯಾಗಿ ಬರುತ್ತದೆ. ನಾನು ಒಟ್ಟುಗೂಡಿಸಿದ್ದರಲ್ಲಿ ಅವರದೇ ಹಳೆಯ ಅಧ್ಯಯನವೂ ಇತ್ತು. ಸರಿಯಾಗಿ ಕಳೆದು ನೋಡಿದರೆ ಅದರ ಪರಿಣಾಮ ಅರ್ಧಕ್ಕಿಂತ ಕೆಳಗಿಳಿಯಿತು. ಸೆಮಿನಾರಿಗೆ ಮೊದಲೇ ಸರ್‌ಗೆ ಫೋನಿನಲ್ಲಿ ಹೇಳಿದೆ. ನೋಡೋಣ ಎಂದು ಮಾತು ತೇಲಿಸಿದರು. ನಾನು ಅವರದೂ ಸೇರಿ ಕೆಲವು ಅಧ್ಯಯನಗಳ ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಒಂದು ಸ್ಲೈಡ್ ಮಾಡಿಕೊಂಡು ಹೋಗಿದ್ದೆ.

ಸೆಮಿನಾರ್ ಇಂಗ್ಲಿಷ್, ಮರಾಠಿ ಬೆರೆಸಿ ನಡೆಯುತ್ತಿತ್ತು. ಆ ಸ್ಲೈಡ್ ಬಂದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಸರ್, ಮೆಚ್ಚುಗೆ ಹೇಳುವವರಂತೆ ನಗುನಗುತ್ತಲೇ ಕನ್ನಡದಲ್ಲಿ ಹೇಳಿದರು: "ತಂಗಿ, ಇದು ಬಿಟ್ಟು ಮುಂದ ಹೋಗು. ಇಲ್ಲಿ ಯಾರಿಗೂ ತಿಳಿಯಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಸಲುಗೆಯ ಭಾಷೆಯನ್ನು ನನ್ನ ಬಾಯಿ ಮುಚ್ಚಿಸಲು ಬಳಸಿದರಲ್ಲ ಎಂದು. ಸ್ಲೈಡ್ ಮುಂದೆ ಸರಿಸಲಿಲ್ಲ.

"ತಿಳೀಲಿ ಅಂತನೇ ತೋರಸ್ಲಾಕತ್ತೀನ್ರಿ ಸರ್," ಎಂದೆ. ಆಮೇಲೆ ಸಮಿತಿಯ ಕಡೆ ತಿರುಗಿ, ಸರ್ ಇದನ್ನು ಬಿಡು ಅನ್ನುತ್ತಿದ್ದಾರೆ, ನಾನು ಬಿಡುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದೆ. ಸರ್ ಮುಖ ಕಪ್ಪಿಟ್ಟಿತು. ಸಮಿತಿಯ ಮುಖ್ಯಸ್ಥೆ, ಕಳೆದ ಮೇಲೆ ಏನಾದರೂ ಉಳಿಯಿತೇ ಎಂದು ಕೇಳಿದರು. ಸ್ವಲ್ಪವೇ ಉಳಿಯಿತು, ಆದರೆ ಉಳಿದದ್ದು ವ್ಯಾಯಾಮದ್ದೇ ಎಂದೆ. ಎಲ್ಲ ಅಧ್ಯಯನಗಳ ಲೆಕ್ಕವನ್ನೂ ಹೀಗೇ ಮಾಡಿ ತರಬೇಕೆಂದು ಅವರು ತೀರ್ಮಾನಿಸಿದರು. ಸಲ್ಲಿಕೆ ಮುಂದಕ್ಕೆ ಹೋಯಿತು. ಪಿಎಚ್‌ಡಿಯನ್ನೇ ನಂಬಿ ಕಾಲೇಜಿನಲ್ಲಿ ನಾನು ಕಾಯುತ್ತಿದ್ದ ಬಡ್ತಿಯೂ ಕೈತಪ್ಪಿತು.

ಹೊರಗೆ ಬಂದಾಗ ಸರ್, "ನಮ್ಮಾಕಿ ಆಗಿ ನೀನೇ ಹಿಂಗ ಮಾಡಿದೆಲ್ಲ," ಎಂದರು.

"ನಮ್ಮವರು ಅಂತನೇ ಮೊದಲು ನಿಮಗ ಹೇಳಿದ್ದೆನ್ರಿ," ಎಂದೆ.

ಈ ವರ್ಷ ಪ್ರಬಂಧ ಸಲ್ಲಿಸಿದೆ. ಅದರಲ್ಲಿರುವುದು ಸಣ್ಣ ಸಂಖ್ಯೆಯೇ. ಮಂಡಿ ಹಿಡಿದುಕೊಂಡು ಬರುವ ಅಜ್ಜಿಗೆ, ನೋವು ಇಷ್ಟೇ ಕಡಿಮೆಯಾಗುತ್ತದೆ ಎಂದು ಅಳುಕಿಲ್ಲದೆ ಹೇಳಬಲ್ಲೆ. ಸರ್ ಅಂದಿನಿಂದ ನನ್ನೊಡನೆ ಇಂಗ್ಲಿಷಿನಲ್ಲಷ್ಟೇ ಮಾತಾಡುತ್ತಾರೆ, ಮ್ಯಾಡಮ್ ಎನ್ನುತ್ತಾರೆ. ಅದು ಇಂದಿಗೂ ನೋಯುತ್ತದೆ. ಆದರೆ ಅವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ನಾನು ಕನ್ನಡದಲ್ಲೇ ಉತ್ತರ ಕೊಡುತ್ತೇನೆ.