ಟ್ಯಾಂಕರ್ ಗೊತ್ತಾದ ಭಾನುವಾರ

ಸಂಗೀತ ತಂಡದ ಪ್ರವಾಸ ವ್ಯವಸ್ಥಾಪಕನೆಂದರೆ ಬಸ್ಸು, ಊಟ, ಮೈಕು ನೋಡಿಕೊಳ್ಳುವವನು ಎಂದು ಜನ ತಿಳಿದಿರುತ್ತಾರೆ. ತಬಲಾದವನಿಗೆ ಮುಂದಿನ ಊರಿಗೆ ಬರುವುದು ಬೇಡ ಎಂದು ಹೇಳುವುದೂ ಅವನದೇ ಕೆಲಸ. ನಾನು ಅದನ್ನು ಹಲವು ವರ್ಷ ಮಾಡಿದ್ದೇನೆ.

ಹಿಂದವಾಡಿ ಬಡಾವಣೆಯ ಒಂದು ಸಮಿತಿ ನಮ್ಮನ್ನು ಕರೆಸಿತ್ತು. ರಸ್ತೆಬದಿಯ ಮರಗಳ ಆರೈಕೆಗೆ ಹಣ ಕೂಡಿಸಲು ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ ಗಾಯನ. ಸಂಜೆ ನಮ್ಮ ಇನ್ನೊಂದು ಕಾರ್ಯಕ್ರಮ ಖಾನಾಪುರದಲ್ಲಿತ್ತು. ಹಿಂದವಾಡಿಯ ಪೋಸ್ಟರಿನಲ್ಲಿ ಗಾಯಕರ ಚಿತ್ರ ಸಣ್ಣದು. ದೊಡ್ಡದು, ಸಮಿತಿಯ ಪರವಾಗಿ ಕೂಲಿಗೆ ನೀರು ಹಾಕುವ ಹೆಂಗಸಿನದು. ಆಕೆ ಖಾನಾಪುರದಿಂದ ದಿನಾ ಮೊದಲ ಬಸ್ಸಿಗೆ ಬಂದು ಎಳೆಯ ಮರಗಳಿಗೆ ಕೊಡದಲ್ಲಿ ನೀರು ಹೊರುತ್ತಿದ್ದಳು. ಗಂಡ ಇಲ್ಲ, ಬೇರೆ ಸಂಪಾದನೆಯೂ ಇಲ್ಲ. ಆ ಚಿತ್ರ ನೋಡಿಯೇ ಟಿಕೆಟ್ ಖರ್ಚಾದವು ಎಂದು ಸಮಿತಿಯ ಅಧ್ಯಕ್ಷರು ಸಂತೋಷಪಟ್ಟರು. ವೇದಿಕೆಯ ಹಿಂದೆ ಕರೆದು ಇನ್ನೊಂದು ಮಾತನ್ನೂ ಹೇಳಿದರು.

"ಈ ದುಡ್ಡಿನ್ಯಾಗ ಟ್ಯಾಂಕರ್ ಗೊತ್ತು ಮಾಡೇವ್ರಿ. ಡ್ರೈವರ್ ತಾನ ಪೈಪ್ ಹಿಡಿದು ನೀರು ಬಿಡ್ತಾನ. ನಾಳಿಂದ ಆಕಿ ಬರೂದು ಬ್ಯಾಡ."

"ಆಕಿಗೆ ಗೊತ್ತದೇನ್ರಿ?"

"ಹೆಂಗೂ ನಿಮ್ಮ ಬಸ್ಸಿನ್ಯಾಗ ಊರಿಗೆ ಹೊಂಟಾಳಲ್ಲ, ದಾರ್ಯಾಗ ನೀವ ಹೇಳಿಬಿಡ್ರಿ. ನಿಮಗ ರೂಢಿ ಇರ್ತದ."

ವೇದಿಕೆಯ ಮೇಲೆ ಆಕೆಗೆ ಶಾಲು ಹೊದಿಸಿದರು. ಟ್ಯಾಂಕರ್ ಬರುತ್ತದೆ ಎಂದು ಅಧ್ಯಕ್ಷರು ಘೋಷಿಸಿದರು, ಉಳಿದದ್ದನ್ನು ಹೇಳಲಿಲ್ಲ. ಆಕೆ ತಾನಾಗಿಯೇ ಮೈಕಿನತ್ತ ಬಾಗಿದಳು.

"ನನ್ನ ನಡಾ ನೋಯೂದು ನೋಡಿ ಟ್ಯಾಂಕರ್ ತಂದ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ಅಂದಿನ ಯಾವ ಹಾಡಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಅಧ್ಯಕ್ಷರೂ ತಟ್ಟಿದರು.

ಮಧ್ಯಾಹ್ನ ಬಸ್ಸಿನಲ್ಲಿ ನಮ್ಮ ಕೀಬೋರ್ಡಿನವನು ಆಕೆಯನ್ನು ಬಿಡಲಿಲ್ಲ.

"ಮಾವಶಿ, ಇನ್ನ ನೀವು ಟ್ಯಾಂಕರ್ ಮಾಲಕೀಣ. ನಮ್ಮಂಥಾರ್ನ ಮಾತಾಡಸ್ತೀರೋ ಇಲ್ಲೋ?"

"ನೀ ಚಲೋ ಬಾರಿಸಿದ್ರ ಮಾತಾಡಸ್ತೀನಿ. ಮುಂಜಾನಿ ಬಾರಿಸಿದ್ದು ಕೇಳಿದ್ರ ಗಿಡಾ ಒಣಗ್ತಾವ."

ಬಸ್ಸೆಲ್ಲ ನಕ್ಕಿತು.

ಇಂಥ ಸುದ್ದಿಯನ್ನು ಓಡುವ ವಾಹನದಲ್ಲಿ ಹೇಳಬೇಕು ಎಂಬುದು ನಮ್ಮ ಕಸುಬಿನ ಪದ್ಧತಿ. ಕೇಳಿದವರು ಎದ್ದು ಹೋಗಲಾರರು. ಸುತ್ತಲೂ ಜನರಿರುವುದರಿಂದ ಕೂಗಾಡುವುದೂ ಇಲ್ಲ. ಪೀರನವಾಡಿ ದಾಟಿದ ಮೇಲೆ ನಾನು ಆಕೆಯ ಪಕ್ಕ ಕುಳಿತು ಹೇಳಿದೆ.

ಆಕೆ ನಗುತ್ತಲೇ ಇದ್ದಳು. ನಾನೂ ಕೀಬೋರ್ಡಿನವನ ಜೊತೆ ಸೇರಿದೆ ಎಂದುಕೊಂಡಿರಬೇಕು. "ಚ್ಯಾಷ್ಟಿ ಸಾಕ್ರಿ" ಎಂದಳು. ಎರಡನೆಯ ಸಲ ಹೇಳಿದೆ.

"ಬಸ್ ನಿಂದರ್ಸ್ರಿ. ಅಧ್ಯಕ್ಷ ಸಾಹೇಬ್ರನ್ನ ಒಂದ್ ಮಾತು ಕೇಳಿ ಬರ್ತೀನಿ."

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಖಾನಾಪುರದಲ್ಲಿ ಮೈಕು ಜೋಡಿಸುವುದಕ್ಕೆ ಆಗಲೇ ತಡವಾಗಿತ್ತು. ನಿಲ್ಲಿಸದೆ ಹೋಗು ಎಂದು ಅವನಿಗೆ ಕೈ ಮಾಡಿದೆ.

ಏನೂ ತಿಳಿಯದ ಕೀಬೋರ್ಡಿನವ ಹಿಂದಿನಿಂದ, ಟ್ಯಾಂಕರ್ ಪೂಜೆಗೆ ಪೇಢೆ ಯಾವಾಗ ಎಂದು ಕೂಗಿದ. "ಕೊಡ್ತೀನೋ" ಎಂದಳು, ತಿರುಗಿ ನೋಡದೆ.

ಖಾನಾಪುರದಲ್ಲಿ ಹುಡುಗರು ವಾದ್ಯಗಳನ್ನು ಇಳಿಸುವಾಗ ಆಕೆ ಮನೆಗೆ ಹೋಗದೆ ಬಸ್ಸಿನ ಬಾಗಿಲಲ್ಲೇ ನಿಂತಿದ್ದಳು.

"ಸಂಜಿ ಖುರ್ಚಿ ಹಾಕಾಕ, ಕಸಾ ಹೊಡ್ಯಾಕ ಯಾರರೆ ಬೇಕೇನ್ರಿ?"

"ಮಂದಿ ಅದಾರ, ಮಾವಶಿ."

ಅದು ನಿಜವಾಗಿತ್ತು. ಅಲ್ಲಿಯ ಸಂಘಟಕರು ಕರೆಸಿದ್ದ ಹೆಂಗಸರು ಮೈದಾನ ಗುಡಿಸುತ್ತಿದ್ದರು. ಆಕೆ ಅವರ ಹತ್ತಿರ ಹೋಗಿ, ನಾಳೆ ಎಲ್ಲಿ ಕೆಲಸ ಎಂದು ಮರಾಠಿಯಲ್ಲಿ ಕೇಳಿದಳು. ಅವರು ಪೊರಕೆ ಬೀಸುತ್ತಲೇ ಆಚೆ ಸರಿದರು.