ಬೂದಿಯ ಮೇಲೆ ಮೂಡಿದ ಹೆಜ್ಜೆ

ಕಳೆದ ತಿಂಗಳು ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಗ್ಯಾಸ್ ಸಿಲಿಂಡರ್ ಬರುವುದು ತಡವಾಗಿದ್ದರಿಂದ ಅಂದು ಅಲ್ಲಿ ಬಿಸಿಯೂಟವನ್ನು ಕಟ್ಟಿಗೆಯ ಒಲೆಯಲ್ಲೇ ಬೇಯಿಸಿದ್ದರು. ಊಟ ಮುಗಿದ ಮೇಲೆ ಅಡುಗೆಯವರು ಕೆಂಡಕ್ಕೆ ನೀರು ಎರಚಿದರು. ಹಸಿಬೂದಿಯ ವಾಸನೆ ಜಗಲಿಯವರೆಗೂ ಬಂತು. ಹೆಣ್ಣುಮಕ್ಕಳ ಆಟದ ಅವಧಿಯ ಬಗ್ಗೆ ಮುಖ್ಯೋಪಾಧ್ಯಾಯರೊಡನೆ ಗಟ್ಟಿಯಾಗಿಯೇ ವಾದಿಸುತ್ತಿದ್ದವಳು ನಡುವೆ ಮಾತು ಮರೆತೆ. ಕಣ್ಣೆದುರು ಬಂದದ್ದು ನಾನು ಓದಿದ ಶಾಲೆ: ಕೆಂಪು ನೆಲದ ಮೇಲೆ ಚೆಲ್ಲಿದ ಬೂದಿ, ಅದರಲ್ಲೊಂದು ಬರಿಗಾಲಿನ ಗುರುತು, ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಅಳತೆಯ ಹಗ್ಗ ಹಿಡಿದ ನಮ್ಮ ಪೀಟಿ ಮಾಷ್ಟ್ರು...

ನಾನು ಓದಿದ ಸರಕಾರಿ ಪ್ರೌಢಶಾಲೆ ಪುಂಜಾಲಕಟ್ಟೆಯಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಕೆಂಪು ಮುರಕಲ್ಲಿನ ಗುಡ್ಡವನ್ನು ಕಡಿದು ಸಮತಟ್ಟು ಮಾಡಿ ಕಟ್ಟಿದ ಶಾಲೆ. ಮೈದಾನದ ಒಂದು ತುದಿಯಲ್ಲಿ ಜಗಲಿಯ ಮೆಟ್ಟಿಲು, ಇನ್ನೊಂದು ತುದಿಯಲ್ಲಿ ಕಡಿದ ಗುಡ್ಡದ ಗೋಡೆ. ಆ ಗೋಡೆಯ ಬುಡದಲ್ಲಿ ಉದ್ದಜಿಗಿತಕ್ಕಾಗಿ ಮರಳು ತುಂಬಿದ ಗುಂಡಿ. ನನಗೆ ಉಬ್ಬಸವಿತ್ತು. ಅದರಿಂದಾಗಿ ಆಟದ ಅವಧಿಯಲ್ಲಿ ನನ್ನ ಸ್ಥಾನ ಮೆಟ್ಟಿಲೇ ಎಂದು ಎಲ್ಲರೂ ತೀರ್ಮಾನಿಸಿದ್ದರು. ಆಡುವವರ ಚಪ್ಪಲಿಗಳನ್ನು ಕಾಯುವುದು ನನ್ನ ಕೆಲಸ. ಕೈ ತಪ್ಪಿದ ಚೆಂಡು ಎಲ್ಲೆಲ್ಲೋ ಸುತ್ತಿ ಕೊನೆಗೆ ನನ್ನ ಕಾಲಬುಡಕ್ಕೇ ಬಂದು ನಿಲ್ಲುತ್ತಿತ್ತು. ನಾನು ಎತ್ತಿ ಎಸೆಯುತ್ತಿದ್ದೆ. ಅನಾರೋಗ್ಯವಿರುವ ಮಗುವನ್ನು ಹೀಗೆ ಕಾವಲಿಗೆ ಕೂರಿಸುವುದು ಅನ್ಯಾಯ. ದಯೆಯ ರೂಪದಲ್ಲಿ ಬಂದದ್ದರಿಂದ ಅದನ್ನು ಯಾರೂ ಅನ್ಯಾಯವೆಂದು ಗುರುತಿಸಲಿಲ್ಲ, ನಾನೂ ಗುರುತಿಸಿರಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಪೀಟಿ ಮಾಷ್ಟ್ರು ನಮ್ಮ ಶಾಲೆಗೆ ವರ್ಗವಾಗಿ ಬಂದರು. ಸಣ್ಣ ಗಾತ್ರದ ಮನುಷ್ಯ. ಕೊರಳಲ್ಲಿ ಸೀಟಿ ಇದ್ದರೂ ಅದನ್ನು ಊದಿದ್ದು ಕಡಿಮೆ. ಮೊದಲ ದಿನವೇ ಮೆಟ್ಟಿಲ ಬಳಿ ಬಂದು, ಯಾಕೆ ಕೂತದ್ದು ಎಂದು ಕೇಳಿದರು. ಹೇಳಿದೆ.

"ಉಬ್ಬಸ ಇರುವುದು ಎದೆಗಲ್ವಾ ಮಾರಾಯ್ತಿ? ಕಣ್ಣಿಗೆ ಎಂಥ ಆಗಿದೆ?"

ಕಣ್ಣಿಗೆ ಏನೂ ಆಗಿರಲಿಲ್ಲ. ಮರುದಿನ ಅವರು ಮನೆಗೇ ಬಂದರು. ನನ್ನ ಉಮ್ಮ ಬಾಗಿಲಲ್ಲೇ ನಿಂತು, "ಇವಳನ್ನು ಓಡಿಸ್ಬೇಡಿ ಮಾಷ್ಟ್ರೇ, ರಾತ್ರಿ ಉಸಿರಿಗೆ ಕಷ್ಟ ಆಗ್ತದೆ" ಎಂದರು. ಮಾಷ್ಟ್ರು, "ಓಡಿಸುದಿಲ್ಲಮ್ಮ. ಓಡುವವರನ್ನು ನೋಡ್ಲಿಕ್ಕೆ ಒಂದು ಜನ ಬೇಕು ನನಗೆ" ಎಂದರು. ಉಮ್ಮನಿಗೆ ಅದು ಕೆಲಸವೆಂದು ಅನ್ನಿಸಲಿಲ್ಲವಾದ್ದರಿಂದ ತಕ್ಷಣ ಒಪ್ಪಿದರು.

ಅವರ ಕ್ರಮ ಹೀಗಿತ್ತು. ಆಡುವ ಪ್ರತಿಯೊಬ್ಬರಿಗೂ ಒಬ್ಬ ನೋಡುವವರು. ಆಡಿ ಮುಗಿದ ಕೂಡಲೇ ಮಾಷ್ಟ್ರು ಕೇಳುತ್ತಿದ್ದದ್ದು ನೋಡಿದವರನ್ನು: "ಎಂಥ ಕಂಡಿತು?" ಆಗ "ಚೆಂದ ಆಯಿತು" ಎಂದು ಹೇಳಬಾರದು. "ಸೋಂಬೇರಿ" ಎಂದಂತೂ ಹೇಳಲೇಬಾರದು. ಕೈ ಎಲ್ಲಿತ್ತು, ಮಂಡಿ ಎಷ್ಟು ಎತ್ತರಕ್ಕೆ ಬಂತು, ಕಣ್ಣು ಯಾವ ಕಡೆಗಿತ್ತು, ಅಷ್ಟೇ. ಅವರ ದಪ್ಪ ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ಪುಟವಿತ್ತು, ಓಟದಲ್ಲಿ ಯಾವಾಗಲೂ ಕೊನೆಗೆ ಬರುವವಳಿಗೂ. ಪುಟದ ಎಡಕ್ಕೆ ಕಂಡದ್ದು, ಬಲಕ್ಕೆ ಮುಂದಿನ ಸಲ ತಿದ್ದಬೇಕಾದದ್ದು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಯಾರನ್ನೂ ಇನ್ನೊಬ್ಬರೊಡನೆ ಹೋಲಿಸುತ್ತಿರಲಿಲ್ಲ. ಹಿಂದಿನ ವಾರದ ನಿನ್ನೊಡನೆ ಈ ವಾರದ ನಿನ್ನನ್ನು ಇಟ್ಟು ನೋಡು ಎನ್ನುತ್ತಿದ್ದರು. ಗೆಲ್ಲುವ ನಾಲ್ವರನ್ನು ಆರಿಸಿಕೊಂಡು ಉಳಿದವರನ್ನು ಚಪ್ಪಾಳೆಗೆ ಬಿಡುವುದು ಅಂದಿನ ಎಲ್ಲ ಶಾಲೆಗಳ ಪದ್ಧತಿ. ಇಂದಿಗೂ ಬಹುತೇಕ ಕಡೆ ಅದೇ. ಅದರ ನಡುವೆ ಆ ಪುಸ್ತಕದ ಪುಟಗಳನ್ನು ನೆನೆದರೆ ಈಗಲೂ ನನಗೆ ಆಶ್ಚರ್ಯ.

ಅವರಲ್ಲೂ ಒಂದು ಕೊರತೆಯಿತ್ತೆಂದು ಹೇಳದೆ ಹೋದರೆ ಅವರ ಪಾಠಕ್ಕೇ ಅಪಚಾರವಾದೀತು. ಮುಟ್ಟಿನ ದಿನಗಳ ಬಗ್ಗೆ ನಮ್ಮೊಡನೆ ಮಾತನಾಡುವ ಧೈರ್ಯ ಅವರಿಗೂ ಇರಲಿಲ್ಲ. ಆ ದಿನಗಳಲ್ಲಿ ಪುಸ್ತಕದ ಎಡಭಾಗ ಖಾಲಿ ಉಳಿಯುತ್ತಿತ್ತು. ಯಾಕೆ ಖಾಲಿ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ...

ನನಗೆ ಜೊತೆಯಾಗಿ ಸಿಕ್ಕಿದವಳು ಹರಿಣಾಕ್ಷಿ. ನನ್ನ ತರಗತಿಯವಳು, ಉದ್ದಜಿಗಿತದವಳು, ಬಾಯಿ ಜೋರು. ಗುಂಡಿಯ ಮುಂದೆ ಹೂತ, ಹಾರಲು ಕಾಲೂರುವ ಹಲಗೆಯನ್ನು ಅವಳು ಮುಟ್ಟುವ ಮೊದಲಿನ ಹೆಜ್ಜೆಗಳು ಎಲ್ಲೆಲ್ಲಿ ಬೀಳುತ್ತವೆಂದು ತಿಳಿಯಲು ಮಾಷ್ಟ್ರು ಬಿಸಿಯೂಟದ ಒಲೆಯ ಬೂದಿಯನ್ನು ಗೋಣಿಯಲ್ಲಿ ತರಿಸಿ ಓಟದ ದಾರಿಗೆ ತೆಳ್ಳಗೆ ಚೆಲ್ಲಿಸುತ್ತಿದ್ದರು. ಅವಳು ಓಡಿ ಹಾರಿದ ಮೇಲೆ ಮಾಷ್ಟ್ರೂ ನಾನೂ ಗುರುತುಗಳ ಪಕ್ಕ ಕುಳಿತು ಹಗ್ಗದಿಂದ ಅಳೆಯುತ್ತಿದ್ದೆವು. ಮೆಟ್ಟಿಲ ಬಳಿಯ ಗುರುತಿನಿಂದ ಹೊರಟರೆ ಹದಿಮೂರು ಹೆಜ್ಜೆ. ಕೊನೆಯ ಹೆಜ್ಜೆಯನ್ನು ಅವಳು ಅತಿಯಾಗಿ ಚಾಚುತ್ತಿದ್ದಳು. ಅದರಿಂದ ವೇಗ ಅಲ್ಲೇ ಸಾಯುತ್ತಿತ್ತು. ಅದನ್ನು ತಿದ್ದಲು ಎರಡು ತಿಂಗಳು ಹಿಡಿಯಿತು. ತಿದ್ದಿದ ದಿನ ಅವಳ ಹದಿಮೂರನೆಯ ಹೆಜ್ಜೆ ಸರಿಯಾಗಿ ಹಲಗೆಯ ಮೇಲೆ ಬಿತ್ತು. ಮತ್ತೆ ಮತ್ತೆ ಅಲ್ಲೇ ಬಿತ್ತು.

"ಇವಳು ನನ್ನ ಕಾಲನ್ನು ನನಗಿಂತ ಹೆಚ್ಚು ನೋಡ್ತಾಳೆ ಸರ್. ಮದುವೆಗೆ ಕಾಲುಂಗುರ ಇವಳೇ ಕೊಡ್ಲಿ" ಎಂದು ಹರಿಣಾಕ್ಷಿ ನಗಿಸಿದ್ದು ನೆನಪಿದೆ.

ಆ ವರ್ಷ ತಾಲೂಕು ಮಟ್ಟದ ಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಹರಿಣಾಕ್ಷಿ ಮೊದಲಿಗಳಾದಳು. ಅಳದಂಗಡಿ ಕಡೆಯ ಶಾಲೆಯ ಎತ್ತರದ ಹುಡುಗಿಯೊಬ್ಬಳು ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಎರಡನೆಯವಳಾಗಿ ಅಳುತ್ತ ಹೋದಳು. ಅದೇ ವಾರ ಹೆಡ್‌ಮಾಷ್ಟ್ರು ನಮ್ಮೆಲ್ಲರ ಎದುರಿಗೇ ಪೀಟಿ ಮಾಷ್ಟ್ರಿಗೆ ಒಂದು ಷರತ್ತು ಹಾಕಿದರು. ಹುಡುಗಿಯರ ಆಟದ ಅವಧಿಯನ್ನು ಗಣಿತಕ್ಕೆ ಕೊಡಬೇಕೆಂದು ಒತ್ತಾಯ ಉಂಟು, ಜಿಲ್ಲೆಯಲ್ಲಿ ಮೊದಲ ಮೂರರೊಳಗೆ ಒಂದು ಸ್ಥಾನ ಬಂದರೆ ಮಾತ್ರ ಉಳಿಸುತ್ತೇನೆ ಎಂದರು. ಹುಡುಗರ ಅವಧಿಯ ಮಾತೇ ಅಲ್ಲಿ ಬರಲಿಲ್ಲ. ಮಾಷ್ಟ್ರು ಮೆಲ್ಲನೆ ಕೇಳಿದರು:

"ಮಧ್ಯಾಹ್ನದ ಊಟಕ್ಕೆ ಯಾರಾದ್ರೂ ಸ್ಪರ್ಧೆ ಇಡ್ತಾರಾ ಸರ್?"

ಷರತ್ತು ಹಾಗೇ ಉಳಿಯಿತು. ಹಕ್ಕಾಗಿ ಸಿಗಬೇಕಾದದ್ದನ್ನು ಬಹುಮಾನವಾಗಿಸುವುದು, ಅದರ ಭಾರವನ್ನು ಹದಿನಾಲ್ಕು ವರ್ಷದ ಒಬ್ಬಳ ಕಾಲಿನ ಮೇಲೆ ಹೊರಿಸುವುದು, ಎರಡೂ ತಪ್ಪು. ಆದರೆ ಅಂದು ನಮಗೆ ತಿಳಿದದ್ದು ಇಷ್ಟೇ: ಹರಿಣಾಕ್ಷಿ ಸರಿಯಾಗಿ ಹಾರದಿದ್ದರೆ ನಾವು ಅರುವತ್ತು ಮಂದಿ ಹುಡುಗಿಯರು ಮತ್ತೆ ಬೆಂಚಿಗೆ.

ಜಿಲ್ಲಾ ಕೂಟ ಮೂಡುಬಿದಿರೆಯಲ್ಲಿ. ಅಷ್ಟು ದೊಡ್ಡ, ಅಷ್ಟು ನುಣುಪಾದ ಮೈದಾನವನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲ. ಪ್ರತಿಯೊಬ್ಬರಿಗೂ ಮೂರು ಅವಕಾಶ. ಮಾಷ್ಟ್ರು ಹಗ್ಗ ಹಿಡಿದು ನಮ್ಮ ಶಾಲೆಯ ಅಳತೆಯಷ್ಟೇ ದೂರದಲ್ಲಿ ಗುರುತು ಇಟ್ಟರು. ಹರಿಣಾಕ್ಷಿ ಓಡಿದಳು, ಹಾರಿದಳು. ಕೆಂಪು ಬಾವುಟ ಎದ್ದಿತು. ಅವಳ ಹೆಜ್ಜೆ ಹಲಗೆಯನ್ನು ದಾಟಿ ಬಿದ್ದಿತ್ತು, ಆ ಜಿಗಿತ ಲೆಕ್ಕಕ್ಕಿಲ್ಲ.

"ಹೆದರಿಕೆ ಅದು. ಹಲಗೆ ನೋಡ್ಬೇಡ, ಎದುರು ನೋಡಿ ಹಾರು" ಎಂದರು ಮಾಷ್ಟ್ರು. ಎರಡನೆಯ ಸಲವೂ ಬಾವುಟ ಕೆಂಪು. ಹರಿಣಾಕ್ಷಿಯ ಮುಖ ಬಾಡಿತು. ಮೊದಲ ಬಾರಿಗೆ ಮಾಷ್ಟ್ರ ದನಿ ಏರಿತು: "ಎಷ್ಟು ಸಲ ಹೇಳಿದ್ದೇನೆ, ತಲೆ ಬಗ್ಗಿಸ್ಬೇಡ ಅಂತ!"

ಅವಳು ತಲೆ ಬಗ್ಗಿಸಿರಲಿಲ್ಲ. ನಾನು ನೋಡಿದ್ದೆ. ಅಷ್ಟೇ ಅಲ್ಲ, ಎರಡು ಸಲವೂ ಹಲಗೆಯಾಚೆ ಅವಳ ಕಾಲು ಬಿದ್ದದ್ದು ಒಂದೇ ಜಾಗದಲ್ಲಿ, ಹೆಚ್ಚುಕಡಿಮೆ ಒಂದು ಪಾದದಷ್ಟು ಮುಂದಕ್ಕೆ. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಗುರುಗಳನ್ನು ತಿದ್ದುವುದು ನಮ್ಮ ಶಾಲೆಗಳು ಕಲಿಸುವ ವಿದ್ಯೆಯಲ್ಲ. ಆಗ ಅವರೇ ತಿರುಗಿದರು. ಸಿಟ್ಟಿನಲ್ಲಿದ್ದರೂ ಅಭ್ಯಾಸ ಬಿಡಲಿಲ್ಲ.

"ಎಂಥ ಕಂಡಿತು?"

"ಅವಳ ತಲೆ ನೆಟ್ಟಗೇ ಇತ್ತು ಸರ್. ಹೆದರಿಕೆಯಾದ್ರೆ ಎರಡು ಸಲವೂ ಒಂದೇ ಅಳತೆ ತಪ್ಪುದಿಲ್ಲ ಅಲ್ವಾ? ನಮ್ಮ ಗ್ರೌಂಡ್... ನಮ್ಮ ಗ್ರೌಂಡ್ ಏರು ಉಂಟು ಸರ್. ಚೆಂಡು ಯಾವಾಗ್ಲೂ ಮೆಟ್ಟಿಲಿಗೇ ಬರ್ತದೆ."

ಮಾಷ್ಟ್ರು ಕಾಲಡಿಯ ನೆಲವನ್ನು ನೋಡಿದರು. ಮಳೆನೀರು ಹರಿದುಹೋಗಲೆಂದು ನಮ್ಮ ಕಡೆ ಗುಡ್ಡ ಕಡಿದು ಮಾಡಿದ ಮೈದಾನಗಳನ್ನು ಒಂದಿಷ್ಟು ಓರೆಯಾಗಿಯೇ ಬಿಡುತ್ತಾರೆ. ಕಣ್ಣಿಗೆ ಅದು ಸಮತಟ್ಟು. ಅಷ್ಟು ತಿಂಗಳೂ ಹರಿಣಾಕ್ಷಿ ಮೆಟ್ಟಿಲಿನಿಂದ ಗುಂಡಿಯ ಕಡೆಗೆ, ಅಂದರೆ ಏರು ಹತ್ತುತ್ತ ಓಡಿದ್ದಳು. ಮೂಡುಬಿದಿರೆಯ ಸಮನೆಲದಲ್ಲಿ ಅವಳ ಪ್ರತಿ ಹೆಜ್ಜೆಯೂ ಒಂದು ಬೆರಳಿನ ಅಗಲದಷ್ಟು ಹೆಚ್ಚು ಉದ್ದವಾಗಿತ್ತು. ಹದಿಮೂರು ಹೆಜ್ಜೆಗೆ ಅದು ಒಂದು ಪಾದ.

ಮಾಷ್ಟ್ರು ಹರಿಣಾಕ್ಷಿಯ ಬಳಿಗೆ ಹೋದರು. ಬೇರೆ ಶಾಲೆಗಳ ಶಿಕ್ಷಕರು, ನಮ್ಮ ಹೆಡ್‌ಮಾಷ್ಟ್ರು ಎಲ್ಲ ಅಲ್ಲೇ ಇದ್ದರು. ದನಿ ತಗ್ಗಿಸದೆ ಹೇಳಿದರು:

"ತಪ್ಪು ನಿನ್ನದಲ್ಲ ಮಗಾ, ನನ್ನದು. ನಿನ್ನನ್ನು ಅಳೆದೆ, ನೆಲವನ್ನು ಅಳೆಯಲಿಲ್ಲ."

ಗುರುತನ್ನು ಒಂದೂವರೆ ಪಾದ ಹಿಂದಕ್ಕೆ ಸರಿಸಿದರು, ಅರ್ಧ ಪಾದ ಜಾಗ್ರತೆಗೆ. ಮೂರನೆಯ ಸಲ ಹರಿಣಾಕ್ಷಿ ಹಾರಿದಾಗ ನಾನು ಮರಳನ್ನು ನೋಡಲಿಲ್ಲ, ಹಲಗೆಯನ್ನಷ್ಟೇ ನೋಡಿದೆ. ಬಾವುಟ ಬಿಳಿ. ಅವಳಿಗೆ ಮೂರನೆಯ ಸ್ಥಾನ ಬಂತು. ನಮ್ಮ ಅವಧಿ ಉಳಿಯಿತು.

ಆದರೆ ನಾನು ಅವರನ್ನು ಇಂದಿಗೂ ಗೌರವದಿಂದ ನೆನೆಯುವುದು ಆ ಮಧ್ಯಾಹ್ನಕ್ಕಿಂತ ಹೆಚ್ಚಾಗಿ ಹಿಂದಿರುಗುವ ಬಸ್ಸಿನಲ್ಲಿ ನಡೆದದ್ದಕ್ಕೆ. ನಾವು ಹುಡುಗಿಯರು ಹಾಡುತ್ತಿದ್ದೆವು. ಅವರು ಕಿಟಕಿಯ ಬಳಿ ಪುಸ್ತಕ ತೆರೆದು ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದರು.

"ಝುಬೈದಾ, ಅಳದಂಗಡಿ ಕಡೆಯ ಆ ಹುಡುಗಿ ಅವತ್ತು ನಮ್ಮ ಗ್ರೌಂಡಿನಲ್ಲಿ ಎಲ್ಲಿಂದ ಹಾರಿದ್ದು?"

"ಹಲಗೆಗಿಂತ ಹಿಂದಿನಿಂದ ಸರ್. ಒಂದು ಪಾದ ಹಿಂದೆ. ಮೂರು ಸಲವೂ."

ಹರಿಣಾಕ್ಷಿಯ ಹಾಡು ನಿಂತಿತು. ಜಿಗಿತದ ಉದ್ದವನ್ನು ಅಳೆಯುವುದು ಹಲಗೆಯಿಂದ. ಹಿಂದಿನಿಂದ ಹಾರಿದರೆ ಆ ಒಂದು ಪಾದ ಲೆಕ್ಕಕ್ಕಿಲ್ಲ, ಅವಳು ಸೋತದ್ದೋ ಗೇಣಿಗೂ ಕಡಿಮೆ ಅಂತರದಲ್ಲಿ. ಬೇರೆ ಶಾಲೆಗಳ ಹುಡುಗಿಯರು ತಂತಮ್ಮ ಅಳತೆಯೊಡನೆ ಬಂದು ನಮ್ಮ ಏರಿನಲ್ಲಿ ಓಡಿದ್ದರು.

"ಹಾಗಾದ್ರೆ ನಾನು ಗೆದ್ದದ್ದು ಸುಳ್ಳಾ ಸರ್?"

"ನೀನು ಹಾರಿದ್ದು ಸುಳ್ಳಲ್ಲ. ನಮ್ಮ ಮೈದಾನ ಸುಳ್ಳು ಹೇಳಿತು. ಶನಿವಾರ ಅಲ್ಲಿಗೆ ಹೋಗುವ."

ಹೋದೆವು. ಅರ್ಧ ದಿನದ ಶಾಲೆ ಮುಗಿಸಿ ಮೂವರೂ ಬಸ್ಸು ಹತ್ತಿದೆವು. ಗೆದ್ದ ಶಾಲೆಯ ಶಿಕ್ಷಕ ಸೋತವಳ ಶಾಲೆಗೆ ಹೋಗಿ ನಮ್ಮ ನೆಲ ಓರೆಯಾಗಿತ್ತು ಎಂದು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಫಲಿತಾಂಶವನ್ನು ಬದಲಿಸಲು ಕಾಲ ಮೀರಿತ್ತು. ಆ ಎತ್ತರದ ಹುಡುಗಿ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡಿ, ಆಮೇಲೆ ನಕ್ಕುಬಿಟ್ಟಳು.

"ಅಷ್ಟೆಯಾ! ನಾನು ಒಂದು ತಿಂಗಳಿಂದ ಈ ಕಾಲಿಗೆ ಬೈತಾ ಇದ್ದೆ."

ಸೋಮವಾರವೇ ಮಾಷ್ಟ್ರು ಹಳೆಯ ಗುಂಡಿಯನ್ನು ಮುಚ್ಚಿಸಿದರು. ಓಟದ ದಾರಿ ಏರನ್ನು ಹತ್ತದೆ ಅಡ್ಡಕ್ಕೆ ಹಾಯುವಂತೆ ಹೊಸ ಗುಂಡಿಯನ್ನು ನಾವೆಲ್ಲ ಸೇರಿ ತೋಡಿದೆವು. ನಾನೂ ಮರಳು ಹೊತ್ತೆ, ನಿಲ್ಲುತ್ತ, ಉಸಿರು ತೆಗೆದುಕೊಳ್ಳುತ್ತ. ನನ್ನ ಪುಟದಲ್ಲೂ ಒಂದು ಸಾಲು ಬಿತ್ತು: ಇಂದು ಹನ್ನೊಂದು ಬುಟ್ಟಿ.

ನಾವು ಶಾಲೆ ಬಿಟ್ಟ ಕೆಲವು ವರ್ಷಗಳಲ್ಲಿ ಅವರಿಗೆ ಮತ್ತೆ ವರ್ಗವಾಯಿತು. ಆ ಹುದ್ದೆಗೆ ಯಾರನ್ನೂ ತುಂಬಲಿಲ್ಲ. ಹುಡುಗಿಯರ ಅವಧಿ ಗಣಿತಕ್ಕೆ ಹೋಯಿತು, ಯಾವ ಷರತ್ತೂ ಇಲ್ಲದೆ, ಯಾರಿಗೂ ಹೇಳದೆ. ಇದೂ ಅನ್ಯಾಯವೇ, ಇದಕ್ಕಾಗಿಯೇ ನಾನೀಗ ಶಾಲೆಯಿಂದ ಶಾಲೆಗೆ ತಿರುಗುತ್ತೇನೆ.

ಇನ್ನೊಂದು ತಪ್ಪನ್ನೂ ದಾಖಲಿಸಬೇಕು. ಅದು ನನ್ನದು. ನಿವೃತ್ತರಾದ ಮೇಲೆ ಅವರು ಫರಂಗಿಪೇಟೆಯ ಬಳಿ ಮಗಳ ಮನೆಯಲ್ಲಿದ್ದಾರೆಂದು ನನಗೆ ತಿಳಿದಿತ್ತು. ಹೆದ್ದಾರಿಯಲ್ಲಿ ಎಷ್ಟೋ ಸಲ ಹಾದುಹೋದೆ. ಇಂದು ಸಭೆ ಉಂಟು, ಇಂದು ಮನವಿ ಕೊಡಲಿಕ್ಕುಂಟು, ಮುಂದಿನ ಸಲ ಇಳಿಯುವ ಎಂದುಕೊಂಡೆ... ಎರಡು ವರ್ಷದ ಹಿಂದೆ ಹರಿಣಾಕ್ಷಿಯ ಫೋನು ಬಂತು. ಮಾಷ್ಟ್ರು ತೀರಿಕೊಂಡು ಆಗಲೇ ಮೂರು ದಿನವಾಗಿತ್ತು.

ಬಂಟ್ವಾಳದ ಆ ಶಾಲೆಯಲ್ಲಿ ಬೂದಿಯ ವಾಸನೆ ಅಡಗಿದ ಮೇಲೆ ಮುಖ್ಯೋಪಾಧ್ಯಾಯರು ಅಂದದ್ದು ಇಷ್ಟು: "ನಮ್ಮ ಹುಡುಗಿಯರಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ ಮೇಡಂ. ಬೇಕಾದ್ರೆ ನೀವೇ ನೋಡಿ." ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಹುಡುಗಿಯರು ಮೆಟ್ಟಿಲ ಮೇಲಿದ್ದರು. ನಾನು ಇಳಿದು ಹೋಗಿ ಒಂದು ಚೆಂಡು ಕೇಳಿ ತೆಗೆದುಕೊಂಡೆ, ಮೈದಾನದ ನಡುವೆ ಮೆಲ್ಲನೆ ಇಟ್ಟು ಕೈ ಬಿಟ್ಟೆ. ಅದು ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ತಾನಾಗಿಯೇ ಹೊರಟು, ಮೆಟ್ಟಿಲ ಕಡೆಗೆ, ಕುಳಿತಿದ್ದ ಹುಡುಗಿಯರ ಕಾಲಬುಡದವರೆಗೂ ಉರುಳಿಕೊಂಡು ಹೋಯಿತು. ಒಬ್ಬಳು ಅದನ್ನು ಎತ್ತಿಕೊಂಡು, ಹುಡುಗರ ಕಡೆಗೆ ಎಸೆಯಲು ಕೈ ಎತ್ತಿದಳು.

ನಾನು ಪಕ್ಕಕ್ಕೆ ತಿರುಗಿದೆ. ಎಂಥ ಕಂಡಿತು ಎಂದು ಕೇಳುವವರು ಅಲ್ಲಿರಲಿಲ್ಲ.