ಡೆಕ್ಕಿನ ಮೇಲೆ ಕಾಫಿ ಮೂಟೆ

ಮಲ್ಲಂದೂರಿನ ಕಡೆ ಜನ ಬೆನ್ನ ಹಿಂದೆ ಅವರನ್ನು ಕರೆಯುವುದೇ ‘ಅನುಮಾನದ ವಸಂತಮ್ಮ’ ಎಂದು. ಇದು ವಸಂತಮ್ಮನವರಿಗೂ ಗೊತ್ತು. ಬೇಸರ ಮಾಡಿಕೊಳ್ಳುವ ಪೈಕಿಯಲ್ಲ ಅವರು. ಹಳ್ಳದ ಸಂಕ ದಾಟುವ ಮೊದಲು ಅದರ ಮೇಲೊಂದು ಕಾಲಿಟ್ಟು ಕುಲುಕಿ ನೋಡುತ್ತಾರೆ. ಕಣದಲ್ಲಿ ಕಾಫಿ ಒಣಗಿದೆ ಎಂದು ಯಾರೇ ಹೇಳಲಿ, ತಾವೊಂದು ಬೀಜ ಕಚ್ಚಿ ನೋಡದೆ ಮೂಟೆ ಕಟ್ಟಿಸುವುದಿಲ್ಲ. ಮೆಣಸು ಕೊಯ್ಯುವವರು ಏಣಿ ಹತ್ತಬೇಕಾದರೆ ಮೊದಲು ಇವರು ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಬೇಕು.

“ದೇವ್ರೇ ಪ್ರತ್ಯಕ್ಷ ಆದ್ರೂ ಇವ್ರು ಆಧಾರ್ ಕಾರ್ಡ್ ಕೇಳ್ತಾರೆ ಮಾರಾಯ” ಎಂದು ಕೆಲಸದವರು ನಗುತ್ತಾರೆ.

ನಗಲಿ ಬಿಡಿ. ಆ ತೋಟದಲ್ಲಿ ಇದುವರೆಗೆ ಏಣಿಯಿಂದ ಬಿದ್ದವನು ಒಬ್ಬನೇ. ಅವನು ಬಿದ್ದದ್ದು ವಸಂತಮ್ಮನವರಿಗೆ ಈ ಅಲುಗಿಸುವ ಅಭ್ಯಾಸ ಹತ್ತುವ ಮೊದಲು. ಅವನೇ ಅವರ ಸ್ವಂತ ತಮ್ಮ ನಾಗೇಶ.

ನಾಗೇಶನದು ಮರಗೆಲಸ. ಬಿದ್ದಾಗ ಮುರಿದ ಬಲಗೈ ಕೂಡಿಕೊಂಡಿತೇನೋ ನಿಜ, ಆದರೆ ಸೊಟ್ಟಗೆ ಕೂಡಿತು. ಆಮೇಲೆ ಜನ ಅವನ ಕೆಲಸ ನೋಡುವುದು ಬಿಟ್ಟು ಕೈ ನೋಡತೊಡಗಿದರು. ಮನೆಯ ಮಾಡು ಕಟ್ಟುತ್ತಿದ್ದವನಿಗೆ ಮುರಿದ ಕುರ್ಚಿ, ಸಡಿಲವಾದ ಚಿಲಕ ಉಳಿದವು. ಅಕ್ಕನಿಗೆ ಇದು ಹೊಟ್ಟೆಯೊಳಗಿನ ಸಂಕಟ.

ವಸಂತಮ್ಮನವರದು ಸಣ್ಣ ತೋಟ, ಜೊತೆಗೊಂದು ಹೋಮ್‌ಸ್ಟೇ. ಮನೆಯ ಹಿಂದೆ ಇಳಿಜಾರಿನ ಮೇಲೆ ಚಾಚಿಕೊಂಡು ಕಂಬಗಳ ಮೇಲೆ ನಿಂತ ಮರದ ಅಟ್ಟಣೆ, ಅಂದರೆ ಡೆಕ್, ಇದೆ. ಬಂದವರು ಅಲ್ಲಿ ನಿಂತು ಬಾಬಾಬುಡನ್‌ಗಿರಿ ಸಾಲು ನೋಡುತ್ತಾ ಕಾಫಿ ಕುಡಿಯುತ್ತಾರೆ. ಈ ಸಲ ಮಳೆಗಾಲ ಮುಗಿದ ಮೇಲೆ ಅದರ ಕಂಬಕ್ಕೆ ಕತ್ತಿಯ ಮೊನೆ ಒತ್ತಿ ನೋಡಿದರೆ, ಕಳಿತ ಹಲಸಿಗೆ ಹೊಕ್ಕಂತೆ ಹೊಕ್ಕಿತು. ಒಳಗೆಲ್ಲ ಗೆದ್ದಲು. ಅವತ್ತೇ ಡೆಕ್ಕಿಗೆ ಅಡ್ಡಹಗ್ಗ ಕಟ್ಟಿ, ಕಂಬ ಬದಲಾಯಿಸುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿದರು. ಕನಿಕರಕ್ಕೆ ಕೊಟ್ಟದ್ದಲ್ಲ. ಇವನ ಕೈ ಸೊಟ್ಟಗಾಗಿರಬಹುದು, ಕೆಲಸ ಸೊಟ್ಟಗಾಗಿಲ್ಲ ಎಂದು ಊರಿಗೆ ತೋರಿಸುವ ಹಟ ಅವರಿಗಿತ್ತು.

ನಾಗೇಶ ಜೀವ ತೇಯ್ದು ದುಡಿದ. ಹೊಸ ಕಂಬಗಳು ಸೊಗಸಾಗಿ ನಿಂತವು. ಸಂಕ್ರಾಂತಿ ರಜೆಗೆ ಹಾಸನದಿಂದ ದೊಡ್ಡದೊಂದು ಕುಟುಂಬ ಬರುವುದಿತ್ತು. ಹಗ್ಗ ಬಿಚ್ಚುವುದೊಂದೇ ಬಾಕಿ.

ಆದರೆ ವಸಂತಮ್ಮನವರ ಕೈ ಹಗ್ಗ ಬಿಚ್ಚಲಿಲ್ಲ. ಮೂಲೆಯ ಕಂಬ ನಿಂತ ಜಾಗ ನೋಡಿದಾಗಲೆಲ್ಲ ಅವರಿಗೆ ಹಳೆಯದೊಂದು ನೆನಪು ಕೆರೆಯುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲೆಲ್ಲೋ ಒಂದು ಗುಂಡಿಯಿತ್ತು. ಅತ್ತೆ ಅದಕ್ಕೆ ಕಾಫಿ ಸಿಪ್ಪೆ ಸುರಿಸುತ್ತಿದ್ದರು, ಆಮೇಲೆ ಮಣ್ಣು ಮುಚ್ಚಿಸಿದ್ದರು. ಕಂಬ ಆ ಮೆದು ಮಣ್ಣಿನ ಮೇಲೆ ಕೂತಿದ್ದರೆ ಗತಿ?

“ಮಾವನ ಕೆಲಸನ ಪರೀಕ್ಷೆ ಮಾಡಿದ್ರೆ ಅವ್ರು ಏನಂದ್ಕೊಳ್ತಾರಮ್ಮ?” ಎಂದಳು ಮಗಳು ಧನ್ಯಾ. “ಕೆಲಸದವ್ರ ಎದುರಿಗೆ ಬೇರೆ. ಕಣದಲ್ಲಿ ಜಾಗ ಸಾಲ್ತಿಲ್ಲ ಅಂತ ಹೇಳಿ ಕಾಫಿ ಮೂಟೆ ಡೆಕ್ ಮೇಲೆ ಇಡ್ಸಿ. ಭಾರ ತಡೆಯುತ್ತೋ ಇಲ್ವೋ ಗೊತ್ತಾಗುತ್ತೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಸಂತಮ್ಮ ಒಪ್ಪಿದರು. ಡೆಕ್ಕಿನ ಕೆಳಗೆ ನಾಯಿಯೂ ಸುಳಿಯದಂತೆ ಬೇಲಿ ಹಾಕಿಸಿದರು. ಎರಡು ತಟ್ಟೆಗೆ ಅಂಚಿನವರೆಗೂ ನೀರು ತುಂಬಿ, ಒಂದನ್ನು ಗುಂಡಿಯ ಕಡೆಯ ಮೂಲೆಯಲ್ಲೂ ಇನ್ನೊಂದನ್ನು ಕಂಬ ಬಂಡೆಯ ಮೇಲೆ ಕೂತಿದ್ದ ಆಚೆ ಮೂಲೆಯಲ್ಲೂ ಇಟ್ಟರು. ಡೆಕ್ ಒಂದೆಳೆ ವಾಲಿದರೂ ನೀರು ಚೆಲ್ಲಬೇಕು. ಗೋಡೆಯ ಕಡೆಯಿಂದ ಒಂದೊಂದೇ ಮೂಟೆ ಇಡುತ್ತಾ ಬರುವಂತೆ ಕೆಲಸದವರಿಗೆ ಹೇಳಿದರು.

ಅಷ್ಟರಲ್ಲಿ ನಾಗೇಶ ಬಂದ. ಮೂಟೆ ನೋಡಿದ, ತಟ್ಟೆ ನೋಡಿದ. ಅವನೇನು ದಡ್ಡನೇ?

“ಪರೀಕ್ಷೆನಾ ಅಕ್ಕ?”

ಕಣದಲ್ಲಿ ಜಾಗವಿಲ್ಲ ಎಂಬ ಮಾತು ವಸಂತಮ್ಮನವರ ನಾಲಿಗೆಯ ತುದಿಗೆ ಬಂತು. ಆದರೆ ಒಡಹುಟ್ಟಿದವನ ಮುಖ ನೋಡಿಕೊಂಡು ಸುಳ್ಳು ಹೇಳುವುದು ಅವರ ಜಾಯಮಾನವಲ್ಲ.

“ಹೌದು ಕಣೋ. ಆ ಮೂಲೇಲಿ ಸಿಪ್ಪೆ ಗುಂಡಿ ಇತ್ತು. ನಂಗೆ ಹೆದ್ರಿಕೆ.”

ನಾಗೇಶ ಜಗಲಿಯ ಮೇಲೆ ಕೂತು, ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡತೊಡಗಿದ. ಮೂಟೆ ಏರುತ್ತಾ ಹೋಯಿತು. ಮೂರನೆಯ ವರಸೆ ಇಡುವಾಗ ಕರಕ್ ಎಂದು ಸದ್ದಾಯಿತು. ತಟ್ಟೆಯ ನೀರು ಚೆಲ್ಲಿತು. ಗುಂಡಿಯ ಕಡೆಯದ್ದಲ್ಲ, ಯಾರೂ ಅನುಮಾನ ಪಡದ ಬಂಡೆಯ ಕಡೆಯದ್ದು.

“ಎಲ್ರೂ ಈಚೆ ಬನ್ನಿ!” ಎಂದು ವಸಂತಮ್ಮ ಕೂಗಿದರು.

ನಾಗೇಶ ಪಕ್ಕದಿಂದ ಬಗ್ಗಿ ನೋಡಿದ. ಓರೆಯಾಗಿದ್ದ ಬಂಡೆಯ ಮೇಲೆ ಕಂಬದ ಬುಡ ಬೆರಳಗಲ ಜಾರಿತ್ತು. ಸುತ್ತ ಮೆತ್ತಿದ ಸಿಮೆಂಟು ಬಿರುಕು ಬಿಟ್ಟಿತ್ತು. ಅವನ ಮುಖದಲ್ಲಿ ರಕ್ತವೇ ಇಲ್ಲ.

“ಬಂಡೆ ಅಲ್ವಾ, ಗಟ್ಟಿ ಇರುತ್ತೆ ಅಂತ ನಂಬಿಬಿಟ್ಟೆ. ಓರೆ ಇರೋದು ತಲೆಗೆ ಬರ್ಲಿಲ್ಲ. ಜನ ಹೇಳೋದೇ ಸರಿ ಅಕ್ಕ, ಈ ಕೈಗೆ ಇನ್ನು ಇಂಥ ಕೆಲಸ ಬೇಡ.”

“ಮುಚ್ಚೋ ಬಾಯಿ!” ವಸಂತಮ್ಮನವರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಗುಂಡಿ ಮೇಲಿನ ಕಂಬ ನೋಡು, ಒಂದು ತೊಟ್ಟು ನೀರು ಅಲುಗ್ಲಿಲ್ಲ. ಅದನ್ನ ನಿಲ್ಸಿದ್ದು ಯಾರ ಕೈ?”

ಆಗ ನಾಗೇಶ ಮೆಲ್ಲಗೆ ಹೇಳಿದ. ಅಲ್ಲಿ ಅಗೆಯುವಾಗ ಕಪ್ಪು ಸಿಪ್ಪೆ ಸಿಕ್ಕಿತ್ತಂತೆ. ಅದನ್ನೆಲ್ಲ ತೆಗೆದು, ಗಟ್ಟಿ ನೆಲ ಸಿಗುವವರೆಗೂ ಇಳಿದು, ಕೆಳಗಿನಿಂದ ಕಲ್ಲು ಕಟ್ಟಿಕೊಂಡು ಬಂದಿದ್ದನಂತೆ. ಅಕ್ಕನಿಗೆ ಯಾಕೆ ತಲೆಬಿಸಿ ಎಂದು ಹೇಳಿರಲಿಲ್ಲವಂತೆ.

ವಸಂತಮ್ಮನವರಿಗೆ ಆಗ ಹೊಳೆಯಿತು. ತಾನು ಅನುಮಾನಪಟ್ಟಲ್ಲಿ ಇವನು ಗೆದ್ದಿದ್ದ, ತಾವಿಬ್ಬರೂ ನಂಬಿದಲ್ಲಿ ಸೋತಿದ್ದರು.

“ಅದನ್ನ ನಿಲ್ಸಿದವ್ನೇ ಇದನ್ನೂ ನಿಲ್ಸು. ಬೇರೆಯವ್ರನ್ನ ನಾನು ಕರೆಯಲ್ಲ” ಎಂದರು.

ಮೂಟೆಗಳು ಹೊರ ಅಂಚಿನ ಕಡೆಯಿಂದ ಒಂದೊಂದಾಗಿ ಇಳಿದವು. ವೆಲ್ಡಿಂಗ್ ಅಂಗಡಿಯ ನಿಯಾಜ್ ಡ್ರಿಲ್ಲಿಂಗ್ ಮೆಷಿನ್ ತಂದ. ನಾಗೇಶ ಬಂಡೆಯನ್ನು ಕಂಬದಗಲಕ್ಕೆ ಮಟ್ಟಸ ಮಾಡಿ, ತೂತು ಕೊರೆಸಿ, ಕಬ್ಬಿಣದ ಸರಳು ಇಳಿಸಿ, ಕಂಬವನ್ನು ಅದಕ್ಕೆ ಬಿಗಿದ. ಸಿಮೆಂಟು ಚೆನ್ನಾಗಿ ಕಚ್ಚಿಕೊಳ್ಳುವವರೆಗೂ ಕಾದರು. ಮತ್ತೆ ಮೂಟೆ ಹೇರುವಾಗ, ಮೂರು ವರಸೆಯಾದ ಮೇಲೆ, “ಸಾಕೇನೋ?” ಎಂದು ವಸಂತಮ್ಮನವರೇ ಕೇಳಿದರು.

“ಇನ್ನೊಂದು ವರಸೆ ಇಡ್ಸಕ್ಕ” ಎಂದ ನಾಗೇಶ.

ಮಾರನೆಯ ಬೆಳಿಗ್ಗೆ ನೋಡಿದಾಗಲೂ ತಟ್ಟೆಗಳ ನೀರು ಅಂಚಿನಲ್ಲೇ ನಿಂತಿತ್ತು. ಹಾಸನದವರು ಬರುವ ಮೊದಲೇ ವಸಂತಮ್ಮ ತಮ್ಮ ಕೈಯಾರೆ ಹಗ್ಗ ಬಿಚ್ಚಿದರು.

ಬೇಸಿಗೆಯಲ್ಲಿ ನಿಯಾಜ್ ಒಂದು ಸುದ್ದಿ ತಂದ. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನವರು ನಾಗೇಶನ ಕೈಯಲ್ಲಿ ಹೊಸ ಡೆಕ್ ಕಟ್ಟಿಸಿದ್ದರು. ಕೆಲಸ ಮುಗಿದ ದಿನ ನಾಗೇಶ ಮೂಟೆ ತರಿಸಿ ಎಂದು ಕೂತನಂತೆ. ಎಸ್ಟೇಟಿನ ಯಜಮಾನರು, “ಅದೆಲ್ಲ ಯಾಕೆ ಮಾರಾಯ, ನಿನ್ ಮೇಲೆ ನಮಗೆ ನಂಬಿಕೆ ಇದೆ” ಎಂದರಂತೆ.

“ಅದಕ್ಕೆ ಇವ್ನೇನಂದ?” ಎಂದು ವಸಂತಮ್ಮ ಕೇಳಿದರು.

“‘ನಮ್ಮಕ್ಕನಿಗೂ ನನ್ ಮೇಲೆ ನಂಬಿಕೆ ಇತ್ತು. ಅದಕ್ಕೇ ಅವ್ಳು ಮೂಟೆ ಹೇರ್ಸಿದ್ದು’ ಅಂದ ಅಮ್ಮ.”

ವಸಂತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ನಿಯಾಜ್‌ನತ್ತ ತಿರುಗಿ, “ಅವ್ನು ಹೇರ್ಸಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?” ಎಂದು ಕೇಳಿದರು.